ಮೂಳೆ ಕೂಡಿತು, ಮನಸ್ಸು?

ಕಳೆದ ಮಳೆಗಾಲದಲ್ಲಿ ಡೊಂಬಿವಲಿಯ ನಮ್ಮ ಮನೆಯ ಬಚ್ಚಲಲ್ಲಿ ಅವ್ವ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಳು. ವಯಸ್ಸು 72. ಎರಡನೇ ದಿನವೇ ಶಸ್ತ್ರಚಿಕಿತ್ಸೆ ಆಯಿತು. ವಾರದೊಳಗೆ ಮನೆಗೆ ಬಂದಳು. ಎಕ್ಸ್‌ರೇ ಚೆನ್ನಾಗಿದೆ, ಇನ್ನು ವಾಕರ್ ಹಿಡಿದು ನಡೆಸಿ ಎಂದರು ಡಾಕ್ಟರು.

ಆದರೆ ಅವ್ವ ನಡೆಯಲಿಲ್ಲ. ಫಿಸಿಯೋಥೆರಪಿಯವರು ಬಂದರೆ ಗೋಡೆಯ ಕಡೆ ತಿರುಗಿ ಮಲಗುತ್ತಿದ್ದಳು. ಅರ್ಧ ರೊಟ್ಟಿ ತಟ್ಟೆಯಲ್ಲೇ ಉಳಿಯುತ್ತಿತ್ತು. ನಸುಕಿನ ಮೂರಕ್ಕೇ ಎಚ್ಚರ. ನೋವಿರಬೇಕು, ವಯಸ್ಸಿನ ಹಠ ಇರಬೇಕು ಎಂದುಕೊಂಡೆವು. ತಪಾಸಣೆಗೆ ಹೋದಾಗ ಡಾಕ್ಟರು "ಕೈಸೀ ಹೋ ಮಾಜೀ?" ಎಂದರೆ "ಠೀಕ್ ಹೈ" ಎನ್ನುತ್ತಿದ್ದಳು. ಅವಳಿಗೆ ಬರುವ ಹಿಂದಿಯೇ ಅಷ್ಟು. ಮನೆಗೆ ಬಂದ ಮೇಲೆ ನನ್ನ ಮುಂದೆ ಹೇಳಿದ ಮಾತು ಬೇರೆ: "ನಡದು ಇನ್ನ ಎಲ್ಲಿ ಹೋಗೂದೈತಿ?"

ಅದು ಖಿನ್ನತೆ ಎಂದು ನಮಗೆ ತಿಳಿದದ್ದು ಆರನೇ ವಾರದಲ್ಲಿ, ಮನೋವೈದ್ಯರನ್ನು ಕಂಡಾಗ.

ಸೊಂಟದ ಮೂಳೆ ಮುರಿದ ಹಿರಿಯರಲ್ಲಿ ಇದು ಅಪರೂಪವಲ್ಲ. ಶಸ್ತ್ರಚಿಕಿತ್ಸೆಯಾದ ಮೊದಲ ದಿನಗಳಲ್ಲಿ ದಿಢೀರನೆ ಬರುವ ಗೊಂದಲ, ಬಡಬಡಿಕೆ ಬೇರೆ. ವಾರಗಟ್ಟಲೆ ಉಳಿಯುವ ಈ ಮಂಕು ಬೇರೆ. ಮನಸ್ಸಿಲ್ಲದಿದ್ದರೆ ವ್ಯಾಯಾಮವಿಲ್ಲ, ವ್ಯಾಯಾಮವಿಲ್ಲದಿದ್ದರೆ ಕಾಲಿನಲ್ಲಿ ಬಲವಿಲ್ಲ, ಬಲವಿಲ್ಲದಿದ್ದರೆ ಮತ್ತೆ ಬೀಳುವ ಭಯ. ಲಿಫ್ಟ್ ಇಲ್ಲದ ಕಟ್ಟಡದ ಮೂರನೇ ಮಹಡಿಯಲ್ಲಿ ಈ ಭಯ ಮನೆಯನ್ನೇ ಸೆರೆಮನೆ ಮಾಡುತ್ತದೆ. ಮುಂಬೈ ಉಪನಗರಗಳಲ್ಲಿ ಇಂಥ ಕಟ್ಟಡಗಳಿಗೆ ಕೊರತೆಯಿಲ್ಲ.

2017-18ರಲ್ಲಿ ನಡೆದ ಹಿರಿಯರ ರಾಷ್ಟ್ರೀಯ ಸಮೀಕ್ಷೆ 'ಲಾಸಿ' ಪ್ರಕಾರ 60 ದಾಟಿದವರಲ್ಲಿ ಶೇ 8.3ರಷ್ಟು ಮಂದಿಗೆ ತೀವ್ರ ಖಿನ್ನತೆಯ ಲಕ್ಷಣಗಳಿದ್ದವು. ವೈದ್ಯರು ತಮಗೆ ಖಿನ್ನತೆ ಇದೆ ಎಂದು ಹೇಳಿದ್ದಾರೆ ಎಂದವರು ಶೇ 0.8 ಮಾತ್ರ. ಅಂದರೆ ಹತ್ತರಲ್ಲಿ ಒಂಬತ್ತು ಮಂದಿಯ ಕಾಯಿಲೆಗೆ ಹೆಸರೇ ಸಿಕ್ಕಿಲ್ಲ.

ಸರ್ಕಾರ ಏನೂ ಮಾಡಿಲ್ಲ ಎನ್ನಲಾಗದು. 2024ರ ಅಕ್ಟೋಬರ್ 29ರಿಂದ 70 ದಾಟಿದ ಎಲ್ಲರಿಗೂ, ಆದಾಯ ಎಷ್ಟೇ ಇರಲಿ, ಆಯುಷ್ಮಾನ್ ವಯ ವಂದನಾ ಕಾರ್ಡ್ ಸಿಗುತ್ತಿದೆ. ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ. ಆದರೆ ಈ ಯೋಜನೆಯಲ್ಲಿ ಆಸ್ಪತ್ರೆಯಿಂದ ಹೊರಬಂದ ನಂತರದ ಖರ್ಚಿಗೆ ಮಿತಿ 15 ದಿನ. ಸೊಂಟ ಮುರಿದವರು ಚೇತರಿಸಿಕೊಳ್ಳಲು ತಿಂಗಳುಗಳೇ ಬೇಕು. ಮಾನಸಿಕ ಕಾಯಿಲೆಗೂ ದೈಹಿಕ ಕಾಯಿಲೆಯಂತೆಯೇ ವಿಮೆ ಇರಬೇಕು ಎಂದು 2017ರ ಮಾನಸಿಕ ಆರೋಗ್ಯ ಕಾಯ್ದೆ ಹೇಳುತ್ತದೆ. ಆದರೂ ದಾಖಲಾಗದೆ ಮನೋವೈದ್ಯರನ್ನು ಕಂಡ ಖರ್ಚು, ಮನೆಗೆ ಬರುವ ಫಿಸಿಯೋಥೆರಪಿಯ ಖರ್ಚು ಹೆಚ್ಚಿನ ಮನೆಗಳಲ್ಲಿ ಕೈಯಿಂದಲೇ ಹೋಗುತ್ತದೆ.

ಇದಕ್ಕೆ ದೊಡ್ಡ ಯಂತ್ರವೇನೂ ಬೇಡ. ಹಿರಿಯರ ಖಿನ್ನತೆ ಗುರುತಿಸಲು ಹೌದು-ಇಲ್ಲ ಎಂದು ಉತ್ತರಿಸುವ 15 ಪ್ರಶ್ನೆಗಳ ಪಟ್ಟಿ ದಶಕಗಳಿಂದ ಬಳಕೆಯಲ್ಲಿದೆ. ಹೊಲಿಗೆ ಬಿಚ್ಚುವ ದಿನ ಒಮ್ಮೆ, ಆರನೇ ವಾರದ ಎಕ್ಸ್‌ರೇ ದಿನ ಇನ್ನೊಮ್ಮೆ ಅದನ್ನು ಕೇಳಿದರೆ ಹತ್ತು ನಿಮಿಷದ ಕೆಲಸ. ಆದರೆ ಕೇಳುವುದು ರೋಗಿಯ ಭಾಷೆಯಲ್ಲಿ ಇರಬೇಕು. ವಯ ವಂದನಾ ಪ್ಯಾಕೇಜಿನಲ್ಲೇ ಇದನ್ನು ಸೇರಿಸಿ, 15 ದಿನದ ಮಿತಿಯನ್ನು ಕನಿಷ್ಠ ಮೂರು ತಿಂಗಳಿಗೆ ಏರಿಸುವುದು ಸರ್ಕಾರದ ಕೈಯಲ್ಲಿದೆ.

ನಮ್ಮ ಕೈಯಲ್ಲೂ ಸ್ವಲ್ಪ ಇದೆ. ಟೆಲಿ-ಮಾನಸ್ ಸಹಾಯವಾಣಿ 14416ರ ಭಾಷೆಗಳಲ್ಲಿ ಕನ್ನಡವೂ ಇದೆ. ಮುಂಬೈ, ಠಾಣೆಯಲ್ಲಿ ಅಷ್ಟೊಂದು ಕನ್ನಡ ಸಂಘಗಳಿವೆ. ಹಾಸಿಗೆ ಹಿಡಿದ ಹಿರಿಯರ ಮನೆಗೆ ವಾರಕ್ಕೊಮ್ಮೆ ಯಾರಾದರೂ ಹೋಗಿ ಮಾತಾಡಿ ಬಂದರೆ ಅದೂ ಸಂಘದ ಕಾರ್ಯಕ್ರಮವೇ.

ಔಷಧಿ ಶುರುವಾಗಿ ಎರಡು ತಿಂಗಳಾದ ಮೇಲೆ ಅವ್ವ ವಾಕರ್ ಹಿಡಿದಳು. ಈಗ ದಿನಾ ಸಂಜೆ ಅದೇ ಮಹಡಿಯ ಕೊನೆಯ ಮನೆಯವರೆಗೆ ಹೋಗುತ್ತಾಳೆ. ಅಲ್ಲಿ ಕಾರ್ಕಳದ ಅಕ್ಕ ಒಬ್ಬರಿದ್ದಾರೆ. ಇವಳ ಧಾರವಾಡದ ಮಾತು ಅವರಿಗೆ ಅರ್ಧ ಅರ್ಥವಾಗುತ್ತದೆ, ಅವರ ಮಾತು ಇವಳಿಗೆ ಅರ್ಧ. ಮರಳಿ ಬರಲು ಮಾತ್ರ ಒಂದು ತಾಸು ಬೇಕು.