ಕಾಲುದಾರಿ ಉಳಿದರೆ ಕನ್ನಡ ಶಾಲೆ ಉಳಿದೀತು

ಗಡಿನಾಡಿನ ಕನ್ನಡಿಗರು ಒಂದೆಡೆ ಸೇರಿದಾಗಲೆಲ್ಲ ಗಡಿಯ ಮಾತು ಬರುವುದು ಸಹಜ. 1956ರ ರಾಜ್ಯ ಪುನರ್ವಿಂಗಡಣೆ, 1967ರ ಮಹಾಜನ ವರದಿ, ಆ ಬಳಿಕದ ಮನವಿಗಳು, ಠರಾವುಗಳು ನಮ್ಮ ವೇದಿಕೆಗಳ ನಿತ್ಯದ ಪಾಠ. ಆ ಮಾತು ಬೇಡವೆಂದು ನಾವು ಹೇಳುವುದಿಲ್ಲ. ಆದರೆ ದತ್ತವಾಡದಂಥ ಊರಿನ ಏಳು ವರ್ಷದ ಕೂಸು ದಿನಕ್ಕೆ ಎರಡು ಸಲ ದಾಟಬೇಕಾದ ಗಡಿ ಯಾವ ವರದಿಯಲ್ಲಿಯೂ ಇಲ್ಲ. ಅದು ಡಾಂಬರು ರಸ್ತೆಯ ಅಂಚು. ಆ ಅಂಚಿನ ಈಚೆ ಮುಳ್ಳುಕಂಟಿ, ಗಟಾರ, ಮಣ್ಣಿನ ಇಳಿಜಾರು; ಆಚೆ ಧಾವಿಸುವ ವಾಹನ. ಎರಡರ ನಡುವೆ ಕಾಲಿಡಲು ಒಂದು ಗೇಣು ಜಾಗವಿಲ್ಲ. ಈ ಗಡಿಯ ಬಗ್ಗೆ ನಾವು ಒಂದು ಠರಾವನ್ನಾದರೂ ಮಾಡಿದ್ದೇವೆಯೇ ಎಂಬುದೇ ಈ ಲೇಖನದ ಪ್ರಶ್ನೆ.

ನಮ್ಮದು ನಡಿಗೆಯ ನಾಡು. ಇದು ಅಲಂಕಾರದ ಮಾತಲ್ಲ. ಪಂಢರಪುರದ ವಾರಿಗೆ ದಿಂಡಿ ಕಟ್ಟಿಕೊಂಡು ಹೊರಡುವವರು ನಮ್ಮವರು. ಯುಗಾದಿಗೆ ಮುನ್ನ ಕಂಬಿ ಹೊತ್ತು ಶ್ರೀಶೈಲಕ್ಕೆ ಹೆಜ್ಜೆ ಹಾಕುವವರು ನಮ್ಮವರು. ಸವದತ್ತಿಯ ಎಲ್ಲಮ್ಮನಿಗೂ ನರಸೋಬವಾಡಿಯ ದತ್ತನಿಗೂ ಕಾಲ್ನಡಿಗೆಯ ಹರಕೆ ಹೊತ್ತವರು ನಮ್ಮವರು. ದೂಧಗಂಗೆಯ ಆಚೆ ದಡದ ಸದಲಗಾದಲ್ಲಿ 1946ರಲ್ಲಿ ಹುಟ್ಟಿದ ಬಾಲಕ ಆಚಾರ್ಯ ವಿದ್ಯಾಸಾಗರರಾಗಿ, ದೀಕ್ಷೆಯ ನಂತರದ ಐವತ್ತೈದು ವರ್ಷಗಳ ಕಾಲ ಯಾವ ವಾಹನವನ್ನೂ ಏರದೆ, ಬರಿಗಾಲಿನಲ್ಲಿ ಉತ್ತರ ಹಾಗೂ ಮಧ್ಯ ಭಾರತವನ್ನು ಸಂಚರಿಸಿ 2024ರಲ್ಲಿ ದೇಹ ಬಿಟ್ಟರು. ಅವರಿಗೂ ಮುಂಚೆ ಭೋಜದ ಪರಿಸರದಿಂದ ಹೊರಟ ಆಚಾರ್ಯ ಶಾಂತಿಸಾಗರರು ಸಂಘಸಮೇತ ಸಮ್ಮೇದ ಶಿಖರದವರೆಗೆ ನಡೆದರು. ಶರಣ ಪರಂಪರೆಯಲ್ಲಂತೂ ಅತ್ಯಂತ ಗೌರವದ ಪದವೇ ‘ಜಂಗಮ’; ನಡೆಯುವವನು, ಒಂದೆಡೆ ನಿಲ್ಲದವನು ಎಂದರ್ಥ. ಇಂಥ ನೆಲದಲ್ಲಿ ಇಂದು ನಡೆಯುವವನನ್ನು ಕಂಡರೆ ‘ಪಾಪ, ಗಾಡಿ ಇಲ್ಲ’ ಎನ್ನುತ್ತೇವೆ. ದೇವರಿಗಾಗಿ ನಡೆದರೆ ಪುಣ್ಯ, ಕೆಲಸಕ್ಕಾಗಿ ನಡೆದರೆ ದಾರಿದ್ರ್ಯ! ಈ ಎರಡು ನಾಲಗೆ ನಮಗೆ ಯಾವಾಗ ಬಂತು?

ಸೈಕಲ್ಲಿನ ಕಥೆಯೂ ಹೀಗೆಯೇ. ಇಂದು ಬಡವನ ಗುರುತಾಗಿರುವ ಈ ಯಂತ್ರ ಒಂದು ಕಾಲಕ್ಕೆ ಈ ಭಾಗದ ಉದ್ಯಮಶೀಲತೆಯ ಗುರುತಾಗಿತ್ತು. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ ಕಿರ್ಲೋಸ್ಕರರು ಅಣ್ಣನೊಡಗೂಡಿ 1888ರಲ್ಲಿ ಬೆಳಗಾವಿಯಲ್ಲಿ ತೆರೆದದ್ದು ಸೈಕಲ್ ಅಂಗಡಿ. ನೇಗಿಲು, ಪಂಪು, ಎಂಜಿನ್ನುಗಳೆಲ್ಲ ಆಮೇಲೆ ಬಂದವು. 1910ರಲ್ಲಿ ಕಿರ್ಲೋಸ್ಕರವಾಡಿ ಎದ್ದಿತು. ಕೃಷ್ಣೆಯ ಈ ಸೀಮೆಯ ಕಾರ್ಖಾನೆಗಳ ವಂಶಾವಳಿ ಬರೆದರೆ ಮೂಲಪುರುಷನ ಸ್ಥಾನದಲ್ಲಿ ಒಂದು ಸೈಕಲ್ಲನ್ನೇ ನಿಲ್ಲಿಸಬೇಕಾದೀತು. ಇಚಲಕರಂಜಿಯ ಮಗ್ಗಗಳಿಗೆ ಪಾಳಿಯ ಮೇಲೆ ಹೋಗುವ ಕಾರ್ಮಿಕ, ಹಾಲಿನ ಕ್ಯಾನು ತೂಗುಹಾಕಿಕೊಂಡು ಡೇರಿಗೆ ಹೋಗುವ ರೈತ, ಪತ್ರಿಕೆ ಹಾಕುವ ಹುಡುಗ, ಅಂಚೆಯವ ಇವರೆಲ್ಲರ ಬೆನ್ನೆಲುಬು ಸೈಕಲ್ಲೇ ಆಗಿತ್ತು. ಇಂದಿಗೂ ಅದು ಅಳಿದಿಲ್ಲ. 2011ರ ಜನಗಣತಿಯಲ್ಲಿ ದೇಶದ ನೂರು ಮನೆಗಳಲ್ಲಿ 45 ಮನೆಗಳಿಗೆ ಸೈಕಲ್ ಇತ್ತು. ಕಾರು, ಜೀಪು, ವ್ಯಾನು ಇದ್ದದ್ದು ಐದಕ್ಕೂ ಕಡಿಮೆ ಮನೆಗಳಿಗೆ. ಹತ್ತು ವರ್ಷಗಳ ನಂತರದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿಯೂ ಕಾರಿದ್ದ ಮನೆಗಳು ನೂರಕ್ಕೆ ಎಂಟನ್ನು ಮುಟ್ಟಲಿಲ್ಲ. ನೂರರಲ್ಲಿ ಎಂಟು ಮನೆಗಳ ಅನುಕೂಲಕ್ಕೆ ರಸ್ತೆಯ ನೂರು ಭಾಗವನ್ನೂ ಬಿಟ್ಟುಕೊಡುವುದು ಯಾವ ಲೆಕ್ಕ? ಬೇಲಿಯೇ ಎದ್ದು ಹೊಲ ಮೇಯ್ದಂತೆ, ಇಲ್ಲಿ ರಸ್ತೆಯೇ ಎದ್ದು ದಾರಿಯನ್ನು ನುಂಗಿದೆ.

ನುಂಗುವ ಬಗೆಯನ್ನು ನಾವೆಲ್ಲ ಬಲ್ಲೆವು. ‘ರಸ್ತೆ ಅಗಲೀಕರಣ’ ಎಂಬ ಮಂಗಲವಾರ್ತೆ ಬರುತ್ತದೆ. ಮೊದಲು ಬೇವು, ಹುಣಸೆ ಮರಗಳು ಬೀಳುತ್ತವೆ. ನಡೆಯುವವನ ನೆರಳು ಹೋಯಿತು. ಆಮೇಲೆ ಡಾಂಬರು ಎರಡೂ ಬದಿಗೆ ಚಾಚಿ ಮಣ್ಣಿನ ಕಾಲುದಾರಿಯನ್ನು ಮುಚ್ಚುತ್ತದೆ. ನಡೆಯುವವನ ನೆಲ ಹೋಯಿತು. ನುಣುಪಾದ ರಸ್ತೆಯಲ್ಲಿ ವೇಗ ಇಮ್ಮಡಿಸುತ್ತದೆ. ನಡೆಯುವವನ ಧೈರ್ಯ ಹೋಯಿತು. ಕೊನೆಗೆ ‘ಈ ರಸ್ತೆಯಲ್ಲಿ ಯಾರೂ ನಡೆಯುವುದೇ ಇಲ್ಲವಲ್ಲ, ಅವರಿಗೇಕೆ ಜಾಗ?’ ಎಂಬ ಪ್ರಶ್ನೆ ಹುಟ್ಟುತ್ತದೆ. ಕೈ ಕಟ್ಟಿಹಾಕಿ, ಇವನಿಗೆ ಬರೆಯಲು ಬಾರದು ಎಂದಂತೆ.

ನಮ್ಮ ಸೀಮೆಯಲ್ಲಿ ಇದಕ್ಕೆ ಕಬ್ಬಿನ ಹಂಗಾಮು ಬೇರೆ ಸೇರಿಕೊಳ್ಳುತ್ತದೆ. ಕಾರ್ಖಾನೆಗಳ ಚಿಮಣಿ ಹೊಗೆಯಾಡತೊಡಗಿದ ದಿನದಿಂದ ಹಂಗಾಮು ಮುಗಿಯುವವರೆಗೂ ಎರಡೆರಡು ಟ್ರಾಲಿ ಎಳೆಯುವ ಟ್ರ್ಯಾಕ್ಟರುಗಳು, ಇಕ್ಕೆಲಕ್ಕೂ ಚಾಚಿದ ಕಬ್ಬಿನ ಹೊರೆ, ಹಿಂದೆ ದೀಪವಿಲ್ಲ, ಪ್ರತಿಫಲಕವಿಲ್ಲ, ಮುಂದೆ ಮಾತ್ರ ಕಿವಿ ಹರಿಯುವ ಹಾಡು. ಸಂಜೆ ಶಾಲೆ ಬಿಟ್ಟು ಸೈಕಲ್ ತುಳಿಯುವ ಹುಡುಗಿಯ ಭುಜಕ್ಕೆ ಕಬ್ಬಿನ ಗರಿ ಸವರುವಷ್ಟು ಸನಿಹದಲ್ಲಿ ಅದು ಹಾದುಹೋಗುತ್ತದೆ. ಕಬ್ಬು ನಮ್ಮ ಅನ್ನ, ಅದನ್ನು ದೂಷಿಸಲಾರೆವು. ಆದರೆ ಅನ್ನ ಹೊತ್ತ ಗಾಡಿ ಮಕ್ಕಳ ದಾರಿ ತಪ್ಪಿಸಿ ಹೋಗಬಾರದೆ, ಅದಕ್ಕೊಂದು ಹೊತ್ತು, ಒಂದು ದೀಪ, ಒಂದು ವೇಗದ ಮಿತಿ ಇರಬಾರದೆ?

ಇದರ ಬೆಲೆ ಎಷ್ಟೆಂಬುದನ್ನು ಸರಕಾರವೇ ಲೆಕ್ಕ ಇಟ್ಟಿದೆ. 2022ರ ಒಂದೇ ವರ್ಷದಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಪ್ರಾಣ ಕಳೆದುಕೊಂಡರು. ಅವರಲ್ಲಿ 32,825 ಜನ ಪಾದಚಾರಿಗಳು; ಎಂದರೆ ಸತ್ತ ಐವರಲ್ಲಿ ಸುಮಾರು ಒಬ್ಬ ಯಾವ ವಾಹನದಲ್ಲಿಯೂ ಇರಲಿಲ್ಲ, ಬರಿದೆ ನಡೆಯುತ್ತಿದ್ದ. ಇದನ್ನು ನಾವು ‘ಅಪಘಾತ’ ಎನ್ನುತ್ತೇವೆ, ‘ವಿಧಿ’ ಎನ್ನುತ್ತೇವೆ. ವಿಧಿಗೆ ವೇಗದ ಗಣಿತ ಗೊತ್ತಿರುವುದಿಲ್ಲ. ಗಾಡಿಯ ವೇಗ ಎರಡು ಪಟ್ಟಾದರೆ ಅದರ ಹೊಡೆತದ ಶಕ್ತಿ ನಾಲ್ಕು ಪಟ್ಟಾಗುತ್ತದೆ ಎಂಬುದು ಶಾಲೆಯ ಪಾಠ. ಆದ್ದರಿಂದಲೇ 2020ರ ಸ್ಟಾಕ್‌ಹೋಮ್ ಘೋಷಣೆ, ಜನ ಮತ್ತು ವಾಹನ ಬೆರೆಯುವೆಡೆಗಳಲ್ಲಿ ಗಂಟೆಗೆ 30 ಕಿಲೋಮೀಟರಿಗಿಂತ ಹೆಚ್ಚಿನ ವೇಗ ಕೂಡದೆಂದು ಹೇಳಿತು.

ಈಗ ನಮ್ಮ ಮುಖ್ಯ ಮಾತಿಗೆ ಬರೋಣ. ಸಾಹಿತ್ಯ ಸಮ್ಮೇಳನದ ಸ್ಮರಣ ಸಂಚಿಕೆಯಲ್ಲಿ ರಸ್ತೆಯ ಗೋಳೇಕೆ ಎಂದು ಕೆಲವರು ಹುಬ್ಬೇರಿಸಬಹುದು. ಅವರಿಗೆ ನಾವು ಕೇಳುವುದಿಷ್ಟೆ: ಮಹಾರಾಷ್ಟ್ರದ ಗಡಿಯೂರುಗಳಲ್ಲಿ ಕನ್ನಡ ಶಾಲೆ ಬದುಕಿರುವುದು ಯಾವುದರ ಬಲದ ಮೇಲೆ? ಅದು ಮಕ್ಕಳ ಕಾಲಿನ ಬಲದ ಮೇಲೆ. 2009ರ ಶಿಕ್ಷಣ ಹಕ್ಕು ಕಾಯ್ದೆ ನೆರೆಹೊರೆಯ ಶಾಲೆ ಎಂಬ ತತ್ತ್ವದ ಮೇಲೆ ನಿಂತಿದೆ. ಅದರ ನಿಯಮಗಳು ಕಿರಿಯ ತರಗತಿಗಳಿಗೆ ಒಂದು ಕಿಲೋಮೀಟರ್, ಹಿರಿಯ ಪ್ರಾಥಮಿಕಕ್ಕೆ ಮೂರು ಕಿಲೋಮೀಟರ್ ಎಂದು ಅಂತರವನ್ನು ಅಳೆದಿವೆ. ಅಳತೆಗೋಲು ಕಾಲ್ನಡಿಗೆ. ಮಗು ನಡೆಯಬಲ್ಲದು ಎಂದು ಕಾಯ್ದೆ ನಂಬಿದೆ. ಆದರೆ ಆ ಒಂದು ಕಿಲೋಮೀಟರಿನ ನಡುವೆ ಟಿಪ್ಪರು, ಟ್ರ್ಯಾಕ್ಟರು ನುಗ್ಗುವ ರಸ್ತೆ ಇದ್ದರೆ ತಾಯಿ ಮಗುವಿನ ಕೈ ಬಿಟ್ಟಾಳೆ? ಬಿಡಲಾರಳು, ಬಿಡಲೂ ಬಾರದು. ಆಗ ಮನೆಯ ಬಾಗಿಲಿಗೆ ಹಳದಿ ವ್ಯಾನು ಬಂದು ನಿಲ್ಲುತ್ತದೆ. ಅದು ಕನ್ನಡ ಶಾಲೆಯ ವ್ಯಾನಲ್ಲ. ಕನ್ನಡ ಶಾಲೆಗೆ ವ್ಯಾನು ಎಲ್ಲಿಯದು? ದೂರದ ಪಟ್ಟಣದ ಇಂಗ್ಲಿಷ್ ಶಾಲೆಯದು. ತಾಯಿ ಇಂಗ್ಲಿಷನ್ನು ಆರಿಸಿದಳೆಂದು ನಾವು ವೇದಿಕೆಯ ಮೇಲೆ ಮರುಗುತ್ತೇವೆ. ಎಷ್ಟೋ ಮನೆಗಳಲ್ಲಿ ಆಕೆ ಆರಿಸಿದ್ದು ಮಗುವಿನ ಜೀವವನ್ನು. ವ್ಯಾನಿನ ಹಿಂದೆ ಹಾಜರಿ ಪಟ್ಟಿ ತೆಳುವಾಗುತ್ತದೆ; ಪಟ್ಟಿ ತೆಳುವಾದ ಶಾಲೆಗೆ ಮಾಸ್ತರರ ಹುದ್ದೆ ತುಂಬುವುದಿಲ್ಲ; ಮಾಸ್ತರರಿಲ್ಲದ ಶಾಲೆಗೆ ಉಳಿದವರೂ ಬರುವುದಿಲ್ಲ. ಹೀಗೆ ರಸ್ತೆಯ ಬದಿಯಲ್ಲಿ ಸತ್ತದ್ದನ್ನು ನಾವು ಭಾಷಾನೀತಿಯ ಕಡತದಲ್ಲಿ ಹುಡುಕುತ್ತಿದ್ದೇವೆ.

ಹೆಣ್ಣುಮಕ್ಕಳ ವಿಷಯದಲ್ಲಿ ಇದು ಇನ್ನಷ್ಟು ಕಟು. ಏಳನೆಯ ತರಗತಿಯ ನಂತರ ಶಾಲೆ ಊರಾಚೆಗೆ ಹೋಗುತ್ತದೆ. ದಾರಿ ಭಯದ್ದಾದರೆ ಮೊದಲು ನಿಲ್ಲುವುದು ಹುಡುಗಿಯ ಓದು. ಬಿಹಾರ 2006ರಲ್ಲಿ ಹೈಸ್ಕೂಲಿನ ಹುಡುಗಿಯರಿಗೆ ಸೈಕಲ್ ಕೊಟ್ಟಾಗ ಅವರ ದಾಖಲಾತಿ ಮೂರನೆಯ ಒಂದು ಭಾಗದಷ್ಟು ಏರಿದ್ದನ್ನು ಅರ್ಥಶಾಸ್ತ್ರಜ್ಞರು ಅಳೆದು ತೋರಿಸಿದರು. ತಮಿಳುನಾಡಿನ ಪುದುಕ್ಕೋಟ್ಟೈಯಲ್ಲಿ 1991ರ ಸಾಕ್ಷರತಾ ಆಂದೋಲನ ಅಕ್ಷರದ ಜೊತೆಗೆ ಸೈಕಲ್ಲನ್ನೂ ಕಲಿಸಿತು. ಕೂಲಿ ಹೆಂಗಸರು ಸಾವಿರಗಟ್ಟಲೆ ಸಂಖ್ಯೆಯಲ್ಲಿ ಪೆಡಲು ತುಳಿದರು. ಕರ್ನಾಟಕವೂ 2006–07ರಿಂದ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ಹಂಚಿತು. ಆ ಸೈಕಲ್ಲು ದೂಧಗಂಗೆಯನ್ನು ದಾಟಿ ಈಚೆ ದಡದ ಕನ್ನಡದ ಮಗುವಿಗೆ ಬರಲಿಲ್ಲ. ಕೊರೊನಾ ಬಂದ ಮೇಲೆ ಆಚೆ ದಡದಲ್ಲಿಯೂ ನಿಂತಿತು. ಗಡಿನಾಡ ಕನ್ನಡಿಗರಿಗಾಗಿ ಮಿಡಿಯುವ ಬೆಂಗಳೂರಿನ ಹೃದಯಗಳಿಗೆ ನಮ್ಮದೊಂದು ವಿನಂತಿ: ಶಾಲು, ಹಾರ, ಸ್ಮರಣಿಕೆಗಳು ಸಾಕು, ಒಂದು ಸೈಕಲ್ ಕೊಡಿ.

ಇದಕ್ಕೆ ಬರುವ ಆಕ್ಷೇಪಗಳನ್ನು ನಾವು ಬಲ್ಲೆವು. ‘ಬಿಸಿಲಿದೆ, ದೂರವಿದೆ, ಕಾಲ ಬದಲಾಗಿದೆ, ರೋಗಿಗೆ, ಮುದುಕರಿಗೆ ಗಾಡಿ ಬೇಡವೆ?’ ಬೇಕು. ಯಾರ ಗಾಡಿಯನ್ನೂ ಯಾರೂ ಕಸಿಯುತ್ತಿಲ್ಲ. ಬಿಸಿಲಿಗೆ ಉತ್ತರ ಮರ. ಅದನ್ನು ಕಡಿದವರೇ ಬಿಸಿಲಿನ ನೆಪ ಹೇಳುವುದು ಚೆಂದವಲ್ಲ. ದೂರದ ಮಾತೂ ಪೂರ್ಣ ನಿಜವಲ್ಲ: ಊರೊಳಗಿನ ಅಂಗಡಿಗೆ, ಗುಡಿಗೆ, ಡೇರಿಗೆ, ಹತ್ತು ನಿಮಿಷದ ದಾರಿಗೆ ಮೋಟಾರು ಸೈಕಲ್ ಒದೆಯುವವರು ನಾವೇ ಅಲ್ಲವೆ? ಇನ್ನು ಕೆಲವರು, ‘ಹಾಲೆಂಡಿನವರು ಹುಟ್ಟಾ ಸೈಕಲ್ ಸವಾರರು, ನಮಗೂ ಅವರಿಗೂ ಹೋಲಿಕೆಯೇ?’ ಎನ್ನುತ್ತಾರೆ. ಹಾಲೆಂಡಿನಲ್ಲಿಯೂ ಕಾರುಗಳು ಬೀದಿಯನ್ನು ನುಂಗಿದ್ದವು. 1971ರ ಒಂದೇ ವರ್ಷ ಅಲ್ಲಿ ರಸ್ತೆಯ ಮೇಲೆ ಸುಮಾರು 3,300 ಜನ ಸತ್ತರು. ಅವರಲ್ಲಿ ನಾನೂರಕ್ಕೂ ಮಿಕ್ಕಿ ಮಕ್ಕಳು. ಮಕ್ಕಳ ಕೊಲೆ ನಿಲ್ಲಿಸಿ ಎಂದು ತಾಯಿತಂದೆಯರು ಬೀದಿಗಿಳಿದರು, ರಸ್ತೆಗಳನ್ನು ತಡೆದರು. ಇಂದು ಜಗತ್ತು ನೋಡಲು ಹೋಗುವ ಸೈಕಲ್ ದಾರಿಗಳು ಆ ಸಿಟ್ಟಿನಿಂದ ಹುಟ್ಟಿದವು, ರಕ್ತಗುಣದಿಂದಲ್ಲ.

ಸಿಟ್ಟಿಗೆ ನಮ್ಮಲ್ಲಿ ಕಾನೂನಿನ ಆಧಾರವೂ ಇದೆ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆ, ಪಾದಚಾರಿಗಳಿಗೂ ಸೈಕಲ್ಲಿನಂಥ ಮೋಟಾರಿಲ್ಲದ ಗಾಡಿಗಳಿಗೂ ಸಂಬಂಧಿಸಿದ ನಿಯಮ ಮಾಡುವ ಅಧಿಕಾರವನ್ನು ರಾಜ್ಯಗಳಿಗೆ ಕೊಟ್ಟಿದೆ. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು, ಪಾದಚಾರಿ ಮಾರ್ಗದ ಹಕ್ಕು ಸಂವಿಧಾನದ 21ನೆಯ ವಿಧಿಯ ಜೀವಿಸುವ ಹಕ್ಕಿನ ಭಾಗವೆಂದು ಸ್ಪಷ್ಟಪಡಿಸಿತು. ಅದೇ ಅಕ್ಟೋಬರಿನಲ್ಲಿ ಆ ನಿಯಮಗಳನ್ನು ಆರು ತಿಂಗಳೊಳಗೆ ರಚಿಸಲು ರಾಜ್ಯಗಳಿಗೆ ಹೇಳಿತು. ಮುಂಬಯಿಗೂ ಅದೇ ತೀರ್ಪು, ಬೆಂಗಳೂರಿಗೂ ಅದೇ ತೀರ್ಪು. ಗಡಿಯ ವಿಷಯದಲ್ಲಿ ಎಂದೂ ಒಮ್ಮತಕ್ಕೆ ಬಾರದ ಎರಡು ಸರಕಾರಗಳು ಮಗುವಿನ ಕಾಲುದಾರಿಯ ವಿಷಯದಲ್ಲಾದರೂ ಒಂದೇ ಪುಟದ ಮೇಲೆ ಇರಬೇಕಾಗಿದೆ.

ಆದ್ದರಿಂದ ಈ ಸಮ್ಮೇಳನದ ಠರಾವುಗಳಲ್ಲಿ ನಾವು ಇವನ್ನು ಸೇರಿಸಬೇಕೆಂದು ಒತ್ತಾಯಿಸುತ್ತೇವೆ. ಪ್ರತಿಯೊಂದು ಕನ್ನಡ ಶಾಲೆಯ ಸುತ್ತಲಿನ ಒಂದು ಕಿಲೋಮೀಟರ್ ರಸ್ತೆಗೆ, ಇಬ್ಬರು ಮಕ್ಕಳು ಕೈ ಹಿಡಿದು ನಡೆಯುವಷ್ಟು ಅಗಲದ, ಡಾಂಬರಿನಿಂದ ಬೇರ್ಪಟ್ಟ ಕಾಲುದಾರಿ ಬೇಕು. ಆ ಭಾಗದಲ್ಲಿ 30 ಕಿಲೋಮೀಟರ್ ಮಿತಿ ಬೇಕು. ಶಾಲೆ ಕೂಡುವ, ಬಿಡುವ ಹೊತ್ತಿನಲ್ಲಿ ಕಬ್ಬಿನ ಟ್ರಾಲಿಗಳು ಊರೊಳಗೆ ಹಾಯಬಾರದು. ಪ್ರತಿಫಲಕವಿಲ್ಲದ ಟ್ರಾಲಿಯನ್ನು ಕಾರ್ಖಾನೆ ತೂಕಕ್ಕೆ ತೆಗೆದುಕೊಳ್ಳಬಾರದು. ಕಾರ್ಖಾನೆಗಳ ಸಭಾಸದರಲ್ಲಿ ಅನೇಕರು ನಮ್ಮ ಮನೆಯವರೇ. ವಾರ್ಷಿಕ ಸಭೆಯಲ್ಲಿ ಕಬ್ಬಿನ ದರದ ಜೊತೆಗೆ ಈ ಮಾತೂ ಏಳಲಿ. ದೂಧಗಂಗೆಯ ಮೇಲೆ ಮುಂದೆ ಕಟ್ಟುವ ಯಾವ ಸೇತುವೆಗೂ ನಡೆಯುವವರಿಗೆ ಪ್ರತ್ಯೇಕ ಪಟ್ಟಿ ಇರಲಿ. ಇವನ್ನು ಗ್ರಾಮಸಭೆಯಲ್ಲಿ ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ಮಂಡಿಸೋಣ. ಮರಾಠಿ ಶಾಲೆಗೆ ಹೋಗುವ ನೆರೆಮನೆಯ ಮಗುವೂ ಅದೇ ಅಂಚಿನ ಮೇಲೆ ನಡೆಯುತ್ತದೆ. ಟ್ರ್ಯಾಕ್ಟರಿನ ಚಕ್ರಕ್ಕೆ ಮಾತೃಭಾಷೆ ತಿಳಿಯದು. ಗಡಿ ನಮ್ಮನ್ನು ಬೇರ್ಪಡಿಸಿದ್ದಿರಬಹುದು. ಈ ಬೇಡಿಕೆ ನಮ್ಮನ್ನು ಕೂಡಿಸುತ್ತದೆ.

ಸರಕಾರವನ್ನು ಕೇಳುವ ಬಾಯಿ ತನ್ನ ಮನೆಯನ್ನೂ ಕೇಳಬೇಕು. ಸಮ್ಮೇಳನಾಧ್ಯಕ್ಷರ ಮೆರವಣಿಗೆಯ ಮುಂದೆ ಅಲಂಕೃತ ಜೀಪುಗಳ ಸಾಲು, ಹಿಂದೆ ಹಾರ್ನು ಬಾರಿಸುವ ಬೈಕುಗಳ ದಂಡು ಹೋಗುವ ಪದ್ಧತಿ ನಮ್ಮಲ್ಲಿ ಬೇರೂರಿದೆ. ಮುಂದಿನ ಸಮ್ಮೇಳನದಲ್ಲಿ ಅಧ್ಯಕ್ಷರೂ, ಪದಾಧಿಕಾರಿಗಳೂ, ತಾಯಂದಿರೂ ಮಕ್ಕಳೊಡನೆ ನಡೆದು ಬರಲಿ. ಹೈಸ್ಕೂಲಿನ ಹುಡುಗ ಹುಡುಗಿಯರು ಸೈಕಲ್ಲುಗಳ ಮೇಲೆ ಕನ್ನಡದ ಬಾವುಟ ಕಟ್ಟಿಕೊಂಡು ಮುಂದೆ ಸಾಗಲಿ. ಸಭಾಮಂಟಪದ ಬಾಗಿಲಿಗೆ ಹತ್ತಿರದ ಜಾಗ ಕಾರುಗಳಿಗಲ್ಲ, ಸೈಕಲ್ಲುಗಳಿಗೆ ಮೀಸಲಾಗಲಿ. ಸಂಘದ ಪ್ರತಿ ಮನೆಯೂ ವಾರದಲ್ಲಿ ಒಂದು ದಿನ ತನ್ನ ಮಗುವಿನೊಡನೆ ಶಾಲೆಯವರೆಗೆ ನಡೆಯಲಿ. ನಡೆದವರಿಗೆ ಗಟಾರ ಎಲ್ಲಿ ಬಾಯಿ ತೆರೆದಿದೆ, ತಿರುವು ಎಲ್ಲಿ ಕುರುಡಾಗಿದೆ ಎಂಬುದು ಗೊತ್ತಾಗುತ್ತದೆ; ಗೊತ್ತಾದವರೇ ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಮಾತಾಡುತ್ತಾರೆ.

ಕನ್ನಡ ಬೆಳೆಯಲಿ ಎಂದು ಹಾರೈಸುವ ನಾವು ಮೊದಲು ಕನ್ನಡದ ಮಗು ಸುರಕ್ಷಿತವಾಗಿ ಶಾಲೆ ಮುಟ್ಟಲಿ ಎಂದು ಹಾರೈಸೋಣ. ಹಾರೈಸಿ ಸುಮ್ಮನಾಗದೆ, ಆ ಒಂದು ಕಿಲೋಮೀಟರನ್ನು ಕೇಳಿ ಪಡೆಯೋಣ. ಭಾಷೆ ಗ್ರಂಥದಲ್ಲಿ ಉಳಿಯುವುದು ನಿಜ, ಆದರೆ ಗ್ರಂಥದವರೆಗೆ ಅದು ಹೋಗುವುದು ಕಾಲುಗಳ ಮೇಲೆ.