ನೋವು ನೋವು ಎಂದವರು ಗಣಿಯ ಬಾಗಿಲು ತೆರೆಸಿದರು

ಚಿನಿವಾರ ಪೇಟೆಯಲ್ಲಿ ‘ಕೆಡಿಎಂ’ ಎಂಬ ಮೂರು ಅಕ್ಷರಗಳನ್ನು ಕೇಳದವರಿಲ್ಲ. ಮಗಳ ಮದುವೆಗೆಂದು ಒಂದೆಳೆ ಸರ ಮಾಡಿಸುವ ಗಿರಣಿ ಕಾರ್ಮಿಕನೂ ‘ಇದು ಕೆಡಿಎಂ ತಾನೆ?’ ಎಂದು ಕೇಳಿಯೇ ಹಣ ಎಣಿಸುತ್ತಿದ್ದ. ಅದು ಅಪ್ಪಟ ಚಿನ್ನದ ಗುರುತೆಂದು ಜನ ನಂಬಿದರು. ವಾಸ್ತವದಲ್ಲಿ ಆ ಹೆಸರು ಬಂದದ್ದು ಬೆಸುಗೆಗೆ ಬಳಸುವ ಕ್ಯಾಡ್ಮಿಯಂ ಎಂಬ ಲೋಹದಿಂದ. ಹಿಂದೆ ತಾಮ್ರ ಬೆರೆಸಿದ ಬೆಸುಗೆ ಹಾಕಿದರೆ ಒಡವೆಯ ಮಾಪು ಇಳಿಯುತ್ತಿತ್ತು. ನೂರಕ್ಕೆ 92 ಪಾಲು ಚಿನ್ನಕ್ಕೆ 8 ಪಾಲು ಕ್ಯಾಡ್ಮಿಯಂ ಸೇರಿಸಿದ ಬೆಸುಗೆಯಲ್ಲಿ ಮಾಪು ಉಳಿಯುತ್ತದೆ. ಗಿರಾಕಿಗೆ ಲಾಭ, ಅಂಗಡಿಗೆ ಹೆಸರು. ಆದರೆ ಬೆಂಕಿಗೆ ಹಿಡಿದಾಗ ಆ ಕ್ಯಾಡ್ಮಿಯಂ ಹೊಗೆಯಾಗಿ ಏಳುತ್ತದೆ. ಅದು ಹೋಗುವುದೆಲ್ಲಿಗೆ? ಬಗ್ಗಿ ಕುಳಿತು ಊದುಗೊಳವೆ ಹಿಡಿದ ಅಕ್ಕಸಾಲಿಗನ ಎದೆಗೂಡಿಗೆ.

ಈ ಲೋಹ 321 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕರಗುತ್ತದೆ. ಚಿನ್ನ ಕರಗಲು 1064 ಡಿಗ್ರಿ ಬೇಕು. ಆದುದರಿಂದ ಚಿನ್ನದ ಕೆಲಸದ ಉರಿಯಲ್ಲಿ ಕ್ಯಾಡ್ಮಿಯಂ ಸುಲಭವಾಗಿ ಆವಿಯಾಗುತ್ತದೆ. ಒಂದೇ ಸಲಕ್ಕೆ ಹೆಚ್ಚು ಹೊಗೆ ಕುಡಿದವನಿಗೆ ಕೆಲವು ಗಂಟೆಗಳ ಮೇಲೆ ಗಂಟಲು ಒಣಗಿ, ಚಳಿ ಜ್ವರ ಬಂದು, ಕೆಮ್ಮು ಹಿಡಿಯುತ್ತದೆ. ಶ್ವಾಸಕೋಶದಲ್ಲಿ ನೀರು ತುಂಬಿ ಪ್ರಾಣವೇ ಹೋಗಬಹುದು. ನೆಗಡಿ ಜ್ವರವೆಂದು ಮನೆಯವರು ಕಷಾಯ ಕುಡಿಸುತ್ತಾರೆ. ಸ್ವಲ್ಪ ಸ್ವಲ್ಪವಾಗಿ ಒಳಸೇರಿದ್ದು ಇನ್ನೂ ಕಪಟಿ. ಅದು ಮೂತ್ರಪಿಂಡದಲ್ಲಿ ಮನೆ ಮಾಡುತ್ತದೆ. ಅದರ ಅರ್ಧ ಪಾಲು ದೇಹ ಬಿಟ್ಟುಹೋಗಲು 10ರಿಂದ 30 ವರ್ಷ ಹಿಡಿಯುತ್ತದೆ. ಕೆಲಸ ಬಿಟ್ಟರೂ ವಿಷ ಬಿಡುವುದಿಲ್ಲ. ಕೆಟ್ಟ ಮೂತ್ರಪಿಂಡ ದೇಹದ ಸಾರವನ್ನು ಹಿಡಿದಿಡಲಾರದೆ ಮೂತ್ರದಲ್ಲಿ ಚೆಲ್ಲುತ್ತದೆ, ಎಲುಬು ಮೆತ್ತಗಾಗುತ್ತದೆ. ಅರ್ಬುದರೋಗ ತರುವ ವಸ್ತುಗಳ ಮೊದಲ ಗುಂಪಿಗೆ ಕ್ಯಾಡ್ಮಿಯಂ ಸೇರಿದೆಯೆಂದು ಅಂತರರಾಷ್ಟ್ರೀಯ ಅರ್ಬುದ ಸಂಶೋಧನಾ ಸಂಸ್ಥೆ 1993ರಲ್ಲೇ ತೀರ್ಮಾನಿಸಿತು.

ಈ ವಿಷದ ಪೂರ್ಣ ರೂಪವನ್ನು ತಮ್ಮ ಮೈಮೂಳೆಗಳಲ್ಲಿ ಅನುಭವಿಸಿದವರು ಜಪಾನಿನ ತೊಯಾಮಾ ಪ್ರಾಂತದ ಒಕ್ಕಲು ಹೆಂಗಸರು. ಜಿನ್‌ಜೂ ನದಿಯ ಮೇಲುಭಾಗದಲ್ಲಿ ಮಿತ್ಸುಯಿ ಕಂಪನಿಯ ಕಾಮಿಯೋಕಾ ಗಣಿ ಇತ್ತು. ಅಲ್ಲಿ ತೆಗೆಯುತ್ತಿದ್ದುದು ಸತು ಮತ್ತು ಸೀಸ. ಸತುವಿನ ಅದಿರಿನಲ್ಲಿ ಕ್ಯಾಡ್ಮಿಯಂ ಒಡಹುಟ್ಟಿದಂತೆ ಇರುತ್ತದೆ. ಗಣಿಯ ಕೊಳೆ ನದಿಗೆ, ನದಿಯ ನೀರು ಗದ್ದೆಗೆ, ಗದ್ದೆಯ ವಿಷ ಅಕ್ಕಿಗೆ ಇಳಿಯಿತು. ಹತ್ತಾರು ವರ್ಷ ಆ ನೀರು ಕುಡಿದು ಆ ಅನ್ನ ಉಂಡ ಹೆಂಗಸರು, ಅದರಲ್ಲೂ ಹಲವು ಮಕ್ಕಳನ್ನು ಹೆತ್ತವರು, ನಡು ಬಗ್ಗಿ ಹಾಸಿಗೆ ಹಿಡಿದರು. ಕೆಮ್ಮಿದರೆ ಪಕ್ಕೆಲುಬು ಮುರಿಯುತ್ತಿತ್ತು. ಆಳೆತ್ತರವೇ ಕುಗ್ಗಿಹೋಯಿತು. ಅವರು ಸದಾ ನರಳುತ್ತಿದ್ದ ಮಾತು ‘ಇತಾಯಿ, ಇತಾಯಿ’. ಅಂದರೆ ‘ನೋವು, ನೋವು’. ರೋಗಕ್ಕೆ ಅದೇ ಹೆಸರಾಯಿತು.

ಕಾರಣವೇನೆಂದು ಕೇಳಿದರೆ ಬಂದ ಉತ್ತರಗಳು ನಮಗೂ ಪರಿಚಿತವಾದವೇ: ಪೌಷ್ಟಿಕಾಂಶ ಸಾಲದು, ದುಡಿತ ಹೆಚ್ಚಾಯಿತು, ಅದು ಆ ಸೀಮೆಯ ರೋಗ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ! ನೊಬೋರು ಹಗಿನೋ ಎಂಬ ಸ್ಥಳೀಯ ವೈದ್ಯರು ಮಾತ್ರ ರೋಗಿಗಳ ಮನೆಗಳನ್ನು ನಕ್ಷೆಯಲ್ಲಿ ಗುರುತಿಸಿ, ರೋಗ ಇರುವುದು ಆ ನದಿಯ ನೀರು ಹಾಯುವಲ್ಲಿ ಮಾತ್ರ ಎಂದು ಕಂಡು, 1957ರಲ್ಲಿ ಗಣಿಯತ್ತ ಬೆರಳು ತೋರಿದರು. 1961ರಲ್ಲಿ ಕ್ಯಾಡ್ಮಿಯಂ ಹೆಸರು ಹೊರಬಿತ್ತು. ಹೀಯಾಳಿಸಿದವರಿಗೆ ಲೆಕ್ಕವಿಲ್ಲ. ಊರಿನ ಅಕ್ಕಿ ಮಾರಾಟವಾಗದು, ಊರಿಗೆ ಹೆಣ್ಣು ಕೊಡುವವರು ಸಿಗರು ಎಂದು ಊರವರಲ್ಲೇ ಕೆಲವರು ಮುನಿದರು. ವ್ಯಾಪಾರಿ ಬಂಧುಗಳು ಈ ಅಂಜಿಕೆಯನ್ನು ಬಲ್ಲರು. ಬಾಯಿ ಮುಚ್ಚಿದ್ದರಿಂದ ಅಕ್ಕಿಯೇನೂ ಶುದ್ಧವಾಗಲಿಲ್ಲ.

1968ರ ಮಾರ್ಚಿಯಲ್ಲಿ ರೋಗಿಗಳೂ ಅವರ ಮನೆಯವರೂ ಕೋರ್ಟಿನ ಮೆಟ್ಟಿಲು ಹತ್ತಿದರು. ಅದೇ ಮೇ ತಿಂಗಳಲ್ಲಿ ಸರ್ಕಾರವೂ ರೋಗದ ಮೂಲ ಗಣಿಯ ಕ್ಯಾಡ್ಮಿಯಂ ಎಂದು ಒಪ್ಪಿತು. ಕಂಪನಿ ಮಾತ್ರ ಒಪ್ಪಲಿಲ್ಲ. ವಿಷ ದೇಹದೊಳಗೆ ಹೆಜ್ಜೆ ಹೆಜ್ಜೆಗೂ ಏನು ಮಾಡುತ್ತದೆಂಬುದನ್ನು ಸಿದ್ಧಪಡಿಸಿ ತೋರಿಸಿರೆಂದು ಪಟ್ಟು ಹಿಡಿಯಿತು. ಪಂಡಿತರು ಚರ್ಚಿಸುತ್ತಿರಲಿ, ರೋಗಿಗಳು ಸಾಯುತ್ತಿರಲಿ ಎಂಬುದೇ ಇಂಥ ವಾದದ ತಿರುಳು. ನ್ಯಾಯಾಲಯ ಅದಕ್ಕೆ ಮಣಿಯಲಿಲ್ಲ. 1971ರ ಜೂನ್ 30ರಂದು ರೋಗಿಗಳು ಗೆದ್ದರು. 1972ರ ಆಗಸ್ಟ್ 9ರಂದು ಕಂಪನಿಯ ಅಪೀಲೂ ಬಿದ್ದುಹೋಯಿತು.

ಬಂಧುಗಳೇ, ಇಲ್ಲಿಯವರೆಗಿನದು ನ್ಯಾಯದ ಕಥೆ. ನಾವು ಕಲಿಯಬೇಕಾದದ್ದು ಮರುದಿನ ನಡೆದುದರಲ್ಲಿದೆ. ತೀರ್ಪಿನ ಹಣ ಎಣಿಸಿಕೊಂಡು ಅವರು ಮನೆಗೆ ಹೋಗಲಿಲ್ಲ. ಕಂಪನಿಯ ಕಚೇರಿಯಲ್ಲಿ ಕುಳಿತು ಮೂರು ಕಾಗದಗಳಿಗೆ ಸಹಿ ಹಾಕಿಸಿಕೊಂಡರು. ಒಂದು, ರೋಗಿಗಳಿಗೆ ಪರಿಹಾರ. ಎರಡು, ಕೆಟ್ಟ ಗದ್ದೆಗಳ ಮಣ್ಣು ಸರಿಪಡಿಸುವುದು. ಮೂರು, ಊರವರು ತಮಗೆ ಬೇಕಾದ ತಜ್ಞರನ್ನು ಕರೆದುಕೊಂಡು ಯಾವಾಗ ಬೇಕಾದರೂ ಗಣಿಯೊಳಗೆ ಹೋಗಿ ತನಿಖೆ ಮಾಡಬಹುದು. ಅದರ ಖರ್ಚು ಕಂಪನಿಯದು. ಗದ್ದೆಗಳ ಕೆಲಸ ಮುಗಿದದ್ದು 2012ರಲ್ಲಿ; 863 ಹೆಕ್ಟೇರ್ ನೆಲಕ್ಕೆ ತಗಲಿದ ವೆಚ್ಚ ಸುಮಾರು 4,070 ಕೋಟಿ ಯೆನ್. ರೋಗಿಗಳೆಂದು ಸರ್ಕಾರ ಮಾನ್ಯ ಮಾಡಿದ್ದು ಸುಮಾರು 200 ಮಂದಿಯನ್ನು. ಅವರಲ್ಲಿ ಬಹುಮಂದಿಗೆ ಪರಿಹಾರದ ಹಣ ಹೋದ ಎಲುಬನ್ನು ತಂದುಕೊಡಲಿಲ್ಲ. ಆದರೆ ಮೂರನೆಯ ಕಾಗದದಿಂದಾಗಿ ವರ್ಷ ವರ್ಷವೂ ರೈತರು ಗಣಿಯ ಬಾಗಿಲು ತೆರೆಸಿ ಕೊಳವೆ ಕೊಳವೆಯನ್ನೂ ನೋಡಿದರು. ನದಿಯ ಕ್ಯಾಡ್ಮಿಯಂ ಕ್ರಮೇಣ ಸ್ವಾಭಾವಿಕ ಮಟ್ಟಕ್ಕೆ ಇಳಿಯಿತು. ಪರಿಹಾರ ಹಿಂದಿನ ಸಾವಿಗೆ ಬೆಲೆ ಕಟ್ಟುತ್ತದೆ; ಒಳಹೊಕ್ಕು ನೋಡುವ ಹಕ್ಕು ಮುಂದಿನ ಸಾವನ್ನು ತಡೆಯುತ್ತದೆ.

ಇನ್ನು ನಮ್ಮ ಪೇಟೆಗೆ ಬರೋಣ. ಹಾಲ್‌ಮಾರ್ಕ್ ಒಡವೆಗೆ ಕ್ಯಾಡ್ಮಿಯಂ ಬೆಸುಗೆ ಕೂಡದೆಂದು ನಿಯಮವಾಗಿದೆ. 2021ರ ಜೂನ್‌ನಿಂದ ದೇಶದ ಅನೇಕ ಜಿಲ್ಲೆಗಳಲ್ಲಿ ಹಾಲ್‌ಮಾರ್ಕ್ ಕಡ್ಡಾಯವೂ ಆಯಿತು. ಒಳ್ಳೆಯದೇ. ಆದರೆ ಆ ಮುದ್ರೆ ಒಡವೆಯನ್ನು ಪರೀಕ್ಷಿಸುತ್ತದೆಯೇ ಹೊರತು ಅದನ್ನು ಮಾಡಿದವನ ಉಸಿರನ್ನಲ್ಲ. ಕೊಳ್ಳುವವನ ಚಿನ್ನಕ್ಕೆ ಕಾವಲುಗಾರರಿದ್ದಾರೆ. ದುಡಿಯುವವನ ಎದೆಗೆ ಯಾರಿದ್ದಾರೆ? ಇದು ಅಕ್ಕಸಾಲಿಗರ ಮಾತಷ್ಟೇ ಅಲ್ಲ. ನಿಕಲ್-ಕ್ಯಾಡ್ಮಿಯಂ ಬ್ಯಾಟರಿ ಒಡೆಯುವವರು, ಲೋಹಕ್ಕೆ ಕ್ಯಾಡ್ಮಿಯಂ ಲೇಪ ಕೊಡುವವರು, ಕ್ಯಾಡ್ಮಿಯಂ ಬೆರೆತ ಬೆಳ್ಳಿ ಬೆಸುಗೆಯ ಕಡ್ಡಿ ಹಿಡಿದು ಗಿರಣಿಯ ರಿಪೇರಿ ಮಾಡುವವರು, ಹಳದಿ ಕೆಂಪು ಬಣ್ಣದ ಪುಡಿ ಕಲಸುವವರು, ಎಲ್ಲರ ಮಾತೂ ಹೌದು. ಹೊಗೆಸೊಪ್ಪಿನ ಗಿಡವೂ ಮಣ್ಣಿನಿಂದ ಕ್ಯಾಡ್ಮಿಯಂ ಹೀರುತ್ತದೆ. ಧೂಮಪಾನಿಯ ಮೈಯಲ್ಲಿ ಅದು ಇತರರಿಗಿಂತ ಸುಮಾರು ಎರಡು ಪಟ್ಟು ಇರುತ್ತದೆ. ಬೀಡಿ ಬಿಡುವುದು ಒಳ್ಳೆಯದು. ಆದರೆ ನಾಳೆ ಮಾಲೀಕರು ‘ನಿನ್ನ ಬೀಡಿಯೇ ಕಾರಣ’ ಎಂದು ಕೈ ತೊಳೆಯಲು ಬಿಡಬಾರದು.

ಕಾನೂನು ಏನು ಹೇಳುತ್ತದೆ? ಕ್ಯಾಡ್ಮಿಯಂನಿಂದ ಬರುವ ರೋಗಗಳು ಪರಿಹಾರ ಕೊಡಬೇಕಾದ ವೃತ್ತಿರೋಗಗಳ ಪಟ್ಟಿಯಲ್ಲಿವೆ. ಆದರೆ ಪಟ್ಟಿಯಲ್ಲಿ ಹೆಸರಿದ್ದರೆ ಸಾಲದು. ವಿಷದ ಹೆಸರೇ ಗೊತ್ತಿಲ್ಲದ ಕೆಲಸಗಾರ ಅರ್ಜಿ ಬರೆಯುವುದೆಂತು? 1948ರ ಕಾರ್ಖಾನೆ ಕಾಯಿದೆಯಂತೆ ವಿದ್ಯುತ್ತು ಇದ್ದಲ್ಲಿ 10, ಇಲ್ಲದಲ್ಲಿ 20 ಮಂದಿ ದುಡಿದರೆ ಅದು ಕಾರ್ಖಾನೆ. 2020ರ ಸಂಹಿತೆ ಅದನ್ನು 20 ಮತ್ತು 40ಕ್ಕೆ ಏರಿಸಿತು. ನಾಲ್ವರು ಕೂಡುವ ಅಕ್ಕಸಾಲಿಗರ ಕೋಣೆ ಹಳೆಯ ಲೆಕ್ಕದಲ್ಲೂ ಇರಲಿಲ್ಲ, ಹೊಸದರಲ್ಲೂ ಇಲ್ಲ.

ಆದುದರಿಂದ ನಮ್ಮ ಬೇಡಿಕೆ ಸ್ಪಷ್ಟವಾಗಿರಬೇಕು. ಬೆಸುಗೆ, ಬಣ್ಣ, ಲೇಪದ ಪೊಟ್ಟಣದ ಮೇಲೆ ಒಳಗಿನ ಲೋಹದ ಹೆಸರು ಕನ್ನಡದಲ್ಲಿರಲಿ. ಕ್ಯಾಡ್ಮಿಯಂ ಮುಟ್ಟುವವರ ರಕ್ತ, ಮೂತ್ರಗಳ ಪರೀಕ್ಷೆ ವರ್ಷಕ್ಕೊಮ್ಮೆ ಜಿಲ್ಲಾ ಆಸ್ಪತ್ರೆಯಲ್ಲಿ ಪುಕ್ಕಟೆಯಾಗಿ ನಡೆದು, ಫಲಿತಾಂಶದ ಕಾಗದ ಕೆಲಸಗಾರನ ಕೈಗೇ ಬರಲಿ. ಒಬ್ಬನೇ ದುಡಿಯುವ ಕೋಣೆಯಾದರೂ ವಿಷದ ಕೆಲಸವಿದ್ದಲ್ಲಿ ಕಾನೂನು ಅನ್ವಯವಾಗಲಿ; ಹೊಗೆ ಹೊರಹಾಕುವ ಫ್ಯಾನಿನ ವೆಚ್ಚವನ್ನು ಕೆಲಸ ಕೊಡುವ ದೊಡ್ಡ ಅಂಗಡಿ ಹೊರಲಿ. ಎಲ್ಲಕ್ಕೂ ಮಿಗಿಲಾಗಿ, ಕಾರ್ಮಿಕ ಸಂಘ ತನಗೆ ನಂಬಿಕೆಯಿರುವ ವೈದ್ಯರೊಡನೆ ಕೆಲಸದ ಜಾಗವನ್ನು ಒಳಹೊಕ್ಕು ನೋಡುವ ಹಕ್ಕು ಪಡೆಯಲಿ.

ಇದು ಅತಿಯಾಸೆ ಎನ್ನುವವರು ತೊಯಾಮಾದ ರೈತರನ್ನು ನೆನೆಯಲಿ. ಅವರಿಗೆ ಬಾಗಿಲನ್ನು ಯಾರೂ ತಾವಾಗಿ ತೆರೆದುಕೊಡಲಿಲ್ಲ. ಒಗ್ಗಟ್ಟಾಗಿ ನಿಂತು ತೆರೆಸಿದರು.