ರೂಟರ್ ಇದ್ದರೆ ಸಾಲದು, ಜಿಗ್ ಬೇಕು

ಪುತ್ತೂರು, ಸುಳ್ಯ ಹಾಗೂ ಕಡಬ ತಾಲೂಕುಗಳಲ್ಲಿ ಮರಕ್ಕೆ ಕೊರತೆಯಿಲ್ಲ. ತೋಟದ ಹಲಸು, ಸಾಗುವಾನಿ, ಮರುನಾಟಿಗಾಗಿ ಕಡಿಯುವ ರಬ್ಬರ್ ಮರ ಸನಿಹದಲ್ಲಿಯೇ ದೊರೆಯುತ್ತವೆ. ನುರಿತ ಆಚಾರಿಗಳ ಪರಂಪರೆಯೂ ಇದೆ. ಆದರೂ ಬಾಗಿಲು, ಕಪಾಟುಗಳು ಹೊರಗಿನ ಕಾರ್ಖಾನೆಗಳಿಂದ ಬರುತ್ತಿವೆ. ಇದಕ್ಕೆ ದರವೊಂದೇ ಕಾರಣವಲ್ಲ. ನಲವತ್ತು ಕಿಟಕಿಗಳನ್ನು ಬಯಸುವ ಗ್ರಾಹಕನು ಮೊದಲನೆಯದೂ ಕೊನೆಯದೂ ಒಂದೇ ಅಳತೆಯಲ್ಲಿರಬೇಕೆಂದು ನಿರೀಕ್ಷಿಸುತ್ತಾನೆ. ಈ ಭರವಸೆಯನ್ನು ನೀಡಲಾರದ ಕಾರ್ಯಾಗಾರವು ವ್ಯಾಪಾರವನ್ನು ಕಳೆದುಕೊಳ್ಳುತ್ತದೆ.

ರೂಟರನ್ನು ಕೊಂಡು ಮೇಜಿನಡಿ ಜೋಡಿಸಿದ ಮಾತ್ರಕ್ಕೆ ನಿಖರತೆ ಬಾರದು. ಯಂತ್ರವು ಅಲಗನ್ನು ತಿರುಗಿಸುತ್ತದೆ, ಅಷ್ಟೆ. ಮರದ ತುಂಡನ್ನು ಪ್ರತಿ ಬಾರಿಯೂ ಅದೇ ಕೋನದಲ್ಲಿ, ಅದೇ ದೂರದಲ್ಲಿ ಅಲಗಿಗೆ ಒಡ್ಡುವ ಸಾಧನವೇ ಜಿಗ್. ಪೆಟ್ಟಿಗೆಯ ಮೂಲೆಯಲ್ಲಿ ಬೆರಳಿಗೆ ಬೆರಳು ಹೆಣೆದಂತೆ ಕೂಡಿಸುವ ಬಾಕ್ಸ್ ಜಾಯಿಂಟನ್ನೇ ನೋಡಬಹುದು. ಅಲಗು 10 ಮಿ.ಮೀ. ಇದ್ದರೆ, ಜಿಗ್‌ನ ಗೂಟವೂ 10 ಮಿ.ಮೀ. ಇರಬೇಕು, ಅಲಗಿಗೂ ಗೂಟಕ್ಕೂ ನಡುವಣ ಅಂತರವೂ ಅಷ್ಟೇ ಇರಬೇಕು. ಅಂತರ ಹೆಚ್ಚಿದರೆ ಬೆರಳು ಗಾಡಿಯೊಳಗೆ ಇಳಿಯದು, ಕಡಿಮೆಯಾದರೆ ಸಡಿಲವಾಗುತ್ತದೆ. ಮರದ ಹಿಂದೆ ಒಂದು ಆಸರೆಯ ಹಲಗೆಯನ್ನಿಟ್ಟರೆ ಅಂಚು ಸಿಗಿಯುವುದೂ ತಪ್ಪುತ್ತದೆ. ಇದಕ್ಕೆ ಬೇಕಾದುದು ಉಳಿಕೆ ಪ್ಲೈವುಡ್, ಗಟ್ಟಿಮರದ ತುಂಡು ಹಾಗೂ ಅರ್ಧ ದಿನದ ತಾಳ್ಮೆ.

ಜಿಗ್‌ನಿಂದ ಕೈಚಳಕ ನಾಶವಾಗುತ್ತದೆಂಬ ಆಕ್ಷೇಪವಿದೆ. ಆದರೆ ಒಂದೇ ಆಕಾರವನ್ನು ಮತ್ತೆ ಮತ್ತೆ ಕೆತ್ತಲು ಅಚ್ಚು, ಮಾದರಿ ಪಟ್ಟಿಗಳನ್ನು ಬಳಸುವುದು ಮರಗೆಲಸಕ್ಕೆ ಹೊಸತಲ್ಲ. ಜಿಗ್ ಅದರ ಮುಂದುವರಿದ ರೂಪ. ಅದನ್ನು ರೂಪಿಸುವವನಿಗೆ ಹಿರಿಯ ಆಚಾರಿಯ ಅನುಭವವೇ ಬೇಕು. ಆ ಅನುಭವವು ಜಿಗ್‌ನಲ್ಲಿ ಉಳಿದರೆ ಹೊಸ ಕೆಲಸಗಾರನೂ ಸರಿಯಾದ ಜೋಡಣೆಯನ್ನು ಕತ್ತರಿಸಬಲ್ಲನು. ಕೈ ಅಲಗಿನಿಂದ ದೂರವಿರುವುದರಿಂದ ಅಪಾಯವೂ ತಗ್ಗುತ್ತದೆ.

ಒಂದು ಎಚ್ಚರಿಕೆ ಅಗತ್ಯ. ಕರಾವಳಿಯ ಮಳೆಗಾಲದಲ್ಲಿ ಮರವು ತೇವವನ್ನು ಹೀರಿ ಅಡ್ಡಕ್ಕೆ ಉಬ್ಬುತ್ತದೆ. ಹಸಿ ಮರದಲ್ಲಿ ಕತ್ತರಿಸಿದ ಜೋಡಣೆ ಬೇಸಗೆಯಲ್ಲಿ ಬಿರಿಯುತ್ತದೆ. ರಬ್ಬರ್ ಮರವಂತೂ ಕಡಿದ ಕೂಡಲೇ ಸಂಸ್ಕರಿಸದಿದ್ದರೆ ಬೂಷ್ಟು, ಹುಳುಗಳಿಗೆ ತುತ್ತಾಗುತ್ತದೆ. ಮರವನ್ನು ಒಣಗಿಸುವ ವ್ಯವಸ್ಥೆಯಿಲ್ಲದೆ ಜಿಗ್‌ನ ಪ್ರಯೋಜನ ಅರ್ಧವೇ.

ಬಂಡವಾಳಕ್ಕೂ ದಾರಿಗಳಿವೆ. ಕೇಂದ್ರ ಸರಕಾರವು 2023ರ ಸೆಪ್ಟೆಂಬರ್ 17ರಂದು ಆರಂಭಿಸಿದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಬಡಗಿತನವೂ ಸೇರಿದೆ. ಉಪಕರಣಗಳಿಗೆ 15,000 ರೂ., ಶೇ. 5ರ ಬಡ್ಡಿಯಲ್ಲಿ ಎರಡು ಕಂತುಗಳಲ್ಲಿ ಒಟ್ಟು 3 ಲಕ್ಷ ರೂ.ವರೆಗೆ ಸಾಲ ನೀಡುವುದು ಆ ಯೋಜನೆಯ ಸ್ವರೂಪ. ಆದರೆ ಸಾಲದಿಂದ ಯಂತ್ರವನ್ನು ತರಬಹುದೇ ಹೊರತು ಶಿಸ್ತನ್ನು ತರಲಾಗದು.

ಪೀಠೋಪಕರಣ ವ್ಯಾಪಾರಿಗಳು ಬಾಗಿಲು, ಕಪಾಟುಗಳಿಗೆ ಕೆಲವು ಸಮಾನ ಅಳತೆಗಳನ್ನು ನಿಗದಿಪಡಿಸಬೇಕು. ಕಾರ್ಯಾಗಾರಗಳು ಅದಕ್ಕನುಗುಣವಾದ ಜಿಗ್‌ಗಳನ್ನು ಹಂಚಿಕೊಂಡು ಬಳಸಬೇಕು. ಹಾಗಾದಾಗ ಒಬ್ಬರಿಂದಾಗದ ದೊಡ್ಡ ಬೇಡಿಕೆಯನ್ನು ಮೂರು ತಾಲೂಕುಗಳ ಹತ್ತು ಕಾರ್ಯಾಗಾರಗಳು ಸೇರಿ ಪೂರೈಸಬಹುದು. ಊರಿನ ಮರ ಹೊರಗೆ ಹೋಗಿ ಬಾಗಿಲಾಗಿ ಮರಳುವ ಈ ವ್ಯಾಪಾರದಲ್ಲಿ ಲಾಭವು ಊರಿನದಾಗದು.